ಕಳೆ ತುಂಬಿದ ಕೊಳದಲ್ಲಿ ಬಾಸ್ ಮೀನು ಎಲ್ಲಿ ಕೂತಿರುತ್ತದೆ?

ನಡು ಬೇಸಿಗೆಯಲ್ಲಿ ಒಂದು ಸಣ್ಣ ಕೊಳದ ದಡಕ್ಕೆ ಹೋಗಿ ನಿಲ್ಲಿ. ನೀರೇ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ನೈದಿಲೆ ಎಲೆ, ಇನ್ನೊಂದು ಕಡೆ ಒದ್ದೆ ಹತ್ತಿಯ ಹಾಗೆ ತೇಲುವ ಪಾಚಿ, ದಂಡೆಯುದ್ದಕ್ಕೂ ಜೊಂಡು. ಗಾಳ ಬೀಸಿ ಎಳೆದರೆ ಮೀನಿನ ಬದಲು ಒಂದು ಹಿಡಿ ಸೊಪ್ಪು ಬರುತ್ತದೆ. ಇನ್ನೊಮ್ಮೆ ಬೀಸಿದರೆ ಎರಡು ಹಿಡಿ. ಕೊಕ್ಕೆಯಿಂದ ಸೊಪ್ಪು ಬಿಡಿಸಿ ಬಿಡಿಸಿ ಸಾಕಾಗಿ, ‘ಇಲ್ಲಿ ಆಗಲ್ಲ ಬಿಡಿ’ ಅಂತ ಹೊರಟುಬಿಡುವವರೇ ಜಾಸ್ತಿ.

ಅವರು ಬಿಟ್ಟುಹೋಗುವುದು ಎಷ್ಟೋ ಸಲ ಒಳ್ಳೆಯ ಕೊಳವನ್ನೇ. ಕಳೆ ಇರುವಲ್ಲಿ ಹುಳ ಇರುತ್ತದೆ, ಹುಳ ಇರುವಲ್ಲಿ ಮರಿಮೀನು, ಮರಿಮೀನು ಇರುವಲ್ಲಿ ಬಾಸ್. ತೊಂದರೆ ಏನೆಂದರೆ ಮೇಲಿನಿಂದ ನೋಡಿದಾಗ ಎಲ್ಲ ಹಸಿರೂ ಒಂದೇ ಥರ ಕಾಣುತ್ತದೆ. ಬಾಸ್ ಮೀನಿಗೆ ಹಾಗೆ ಕಾಣುವುದಿಲ್ಲ. ಅದಕ್ಕೆ ಆ ಕೊಳ ಒಂದು ಮನೆ. ಅಲ್ಲಿ ಗೋಡೆ ಇದೆ, ಚಪ್ಪರ ಇದೆ, ಓಣಿ ಇದೆ, ಹೊಸಿಲಿದೆ. ಅದು ಹೆಚ್ಚು ಹೊತ್ತು ಕಳೆಯುವುದು ಹೊಸಿಲಲ್ಲಿ. ಕಳೆಯ ಕೊಳದಲ್ಲಿ ಮೀನು ಹಿಡಿಯುವುದೆಂದರೆ ಮುಕ್ಕಾಲು ಪಾಲು ಈ ಹೊಸಿಲುಗಳನ್ನು ಗುರುತಿಸುವ ಕೆಲಸ. ಗಾಳ, ದಾರ, ಬಣ್ಣಬಣ್ಣದ ಹುಸಿ ಎರೆಗಳ ಮಾತು ಆಮೇಲೆ.

ಬಾಯಿ ದೊಡ್ಡದು, ಓಟ ಚಿಕ್ಕದು

ಇಲ್ಲಿ ಬಾಸ್ ಎಂದರೆ ಲಾರ್ಜ್‌ಮೌತ್ ಬಾಸ್, ದೊಡ್ಡ ಬಾಯಿಯ ಬಾಸ್. ಮೂಲತಃ ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಸಿಹಿನೀರಿನ ಮೀನು. ಆಟಕ್ಕೆಂದು ಗಾಳ ಹಾಕುವವರು ಅದನ್ನು ಎಷ್ಟೋ ದೇಶಗಳಿಗೆ ಒಯ್ದಿದ್ದಾರೆ. ಮೈ ಮೇಲ್ಭಾಗ ಹಸಿರು, ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಅದರ ಕುಲದ ಹೆಸರು ಮೈಕ್ರಾಪ್ಟೆರಸ್, ಅಂದರೆ ಸಣ್ಣ ರೆಕ್ಕೆಯದು. ಫ್ರೆಂಚ್ ವಿಜ್ಞಾನಿ ಲಾಸೆಪೇಡ್ 1802ರಲ್ಲಿ ಈ ಹೆಸರು ಕೊಟ್ಟಾಗ ಅವರ ಕೈಯಲ್ಲಿದ್ದ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು. ಹರಿದು ಬೇರೆಯಾದ ತುಣುಕನ್ನೇ ಅವರು ಇನ್ನೊಂದು ಪುಟ್ಟ ರೆಕ್ಕೆ ಅಂದುಕೊಂಡರು. ಮೀನು ತಪ್ಪು ಹೆಸರನ್ನು ಇಂದಿಗೂ ಹೊತ್ತುಕೊಂಡು ಓಡಾಡುತ್ತಿದೆ, ಪಾಪ.

ನಮಗೆ ಮುಖ್ಯವಾದದ್ದು ಅದು ಬೇಟೆಯಾಡುವ ಬಗೆ. ಬಾಸ್ ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಮರೆಯಲ್ಲಿ ಅಲುಗಾಡದೆ ನಿಂತು ಹತ್ತಿರ ಬಂದದ್ದರ ಮೇಲೆ ಒಂದೇ ನೆಗೆತಕ್ಕೆ ಎರಗುತ್ತದೆ. ಹಲ್ಲಿನಿಂದ ಕಚ್ಚಿ ಹರಿಯುವುದೂ ಇಲ್ಲ. ಬಾಯಿಯನ್ನು ಫಕ್ಕನೆ ಅಗಲಿಸುತ್ತದೆ. ಒಳಗೆ ನುಗ್ಗುವ ನೀರಿನ ಜೊತೆ ಬೇಟೆಯೂ ಒಳಗೆ ಬಂದುಬಿಡುತ್ತದೆ. ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಬೇಟೆ ಬಾಯಲ್ಲೇ ಉಳಿಯುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಈ ಹೀರುವ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ. ಮೀನು ಕೈತಪ್ಪುವುದು ಯಾಕೆ ಅನ್ನುವ ಮಾತು ಬಂದಾಗ ಇದು ಬೇಕಾಗುತ್ತದೆ.

ದಟ್ಟ ಕಳೆಯೊಳಗೆ ಬಾಸ್‌ಗೂ ಕಷ್ಟ

ಕಳೆ ಜಾಸ್ತಿ ಇದ್ದಷ್ಟೂ ಬಾಸ್‌ಗೆ ಸುಖ ಅಂತ ಅನ್ನಿಸುತ್ತದೆ. ಹಾಗಿಲ್ಲ. ಅಮೆರಿಕದ ಇಬ್ಬರು ಸಂಶೋಧಕರು, ಜಾಕ್ವೆಲಿನ್ ಸವಿನೊ ಮತ್ತು ರಾಯ್ ಸ್ಟೈನ್, ಇದನ್ನು ಅಳೆದು ನೋಡಿದರು. 1982ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ತೊಟ್ಟಿಗಳಲ್ಲಿ ಕೃತಕ ಕಳೆ ನೆಟ್ಟರು. ಒಂದರಲ್ಲಿ ಕಳೆಯೇ ಇಲ್ಲ, ಮತ್ತೊಂದರಲ್ಲಿ ಒಂದು ಚದರ ಮೀಟರಿಗೆ 50 ಕಡ್ಡಿ, ಇನ್ನೊಂದರಲ್ಲಿ 250, ಕೊನೆಯದರಲ್ಲಿ 1000. ಒಳಗೆ ಬಾಸ್ ಮತ್ತು ಅದರ ಮೆಚ್ಚಿನ ಊಟವಾದ ಬ್ಲೂಗಿಲ್ ಮೀನನ್ನು ಬಿಟ್ಟರು. ಕಳೆ ಇಲ್ಲದಲ್ಲೂ 50 ಕಡ್ಡಿ ಇದ್ದಲ್ಲೂ ಬಾಸ್ ಸುಮಾರು ಒಂದೇ ಪ್ರಮಾಣದಲ್ಲಿ ಬೇಟೆ ಹಿಡಿಯಿತು. 250ಕ್ಕೆ ಏರಿದ ಕೂಡಲೇ ಬೇಟೆ ಹೆಚ್ಚುಕಡಿಮೆ ನಿಂತೇ ಹೋಯಿತು. 1000ದಲ್ಲೂ ಅದೇ ಕಥೆ. ಕಡ್ಡಿಗಳು ಅಡ್ಡ ಬಂದು ಬೇಟೆ ಕಣ್ಣಿಗೆ ಬೀಳುವುದಿಲ್ಲ. ಬ್ಲೂಗಿಲ್ ಕೂಡ ಸಂದಿಗೊಂದಿಯಲ್ಲಿ ಅಡಗುವ ಜಾಣತನ ತೋರುತ್ತದೆ.

ಚದರ ಮೀಟರಿಗೆ 250 ಕಡ್ಡಿ ಅಂದರೆ ಕಡಿಮೆಯೇನಲ್ಲ. ಆದರೆ ಹೈಡ್ರಿಲ್ಲಾ, ಮಿಲ್‌ಫಾಯಿಲ್, ಕೂನ್‌ಟೇಲ್‌ನಂಥ ಮುಳುಗುಕಳೆಗಳು ಮೈತುಂಬಿ ಬೆಳೆದ ಕೊಳದಲ್ಲಿ ಅದು ಸುಲಭವಾಗಿ ದಾಟುವ ಸಂಖ್ಯೆ. ಅಂಥ ಪೊದೆಯ ಒಳಗೆ ಬಾಸ್ ಹಸಿದುಕೊಂಡೇ ಇರಬೇಕಾಗುತ್ತದೆ. ಪೂರ್ತಿ ಬಯಲಲ್ಲಿ ನಿಂತರೂ ಕೆಲಸವಾಗುವುದಿಲ್ಲ, ಬೇಟೆ ದೂರದಿಂದಲೇ ನೋಡಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅದು ಮೈಯನ್ನು ಕಳೆಯಲ್ಲಿ ಇಟ್ಟು ಮೂತಿಯನ್ನು ಬಯಲಿಗೆ ಮಾಡಿ ನಿಲ್ಲುತ್ತದೆ. ಹೊಸಿಲು ಅಂದದ್ದು ಇದಕ್ಕೇ.

ಕಳೆ ಕಟ್ಟಿದ ಕೊಳದ ಬಾಸ್ ಕೆಲವೊಮ್ಮೆ ತಲೆ ದೊಡ್ಡ, ಮೈ ಬಡಕಲು ಆಗಿರುವುದಕ್ಕೂ ಕಾರಣ ಇದೇ. ಬ್ಲೂಗಿಲ್ ಮರಿಗಳೆಲ್ಲ ಕಳೆಯಲ್ಲಿ ಬದುಕಿ ಉಳಿಯುತ್ತವೆ, ಸಂಖ್ಯೆ ಮಿತಿಮೀರುತ್ತದೆ, ಮೇವು ಸಾಲದೆ ಅವೂ ಕುಳ್ಳಾಗುತ್ತವೆ. ಕಣ್ಣೆದುರಿಗೇ ಊಟ ಇದ್ದೂ ಬಾಸ್‌ಗೆ ಸಿಗುವುದಿಲ್ಲ. ಅಂಥ ಹಸಿದ ಮೀನಿನ ಹೊಸಿಲಿಗೆ ನಿಮ್ಮ ಹುಸಿ ಎರೆ ಹೋಗಿ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹೊಸಿಲು ಗುರುತಿಸುವುದು

ಎಲ್ಲರ ಕಣ್ಣಿಗೂ ಬೀಳುವುದು ಹೊರ ಅಂಚು, ಅಂದರೆ ಕಳೆ ಮುಗಿದು ತಿಳಿನೀರು ಶುರುವಾಗುವ ಗೆರೆ. ಅದು ಯಾಕೆ ಅಲ್ಲೇ ಮುಗಿಯಿತು ಎಂದು ಕೇಳಿಕೊಳ್ಳಿ. ಬಹುತೇಕ ಕಾರಣ ಬೆಳಕು. ನೀರಿನಲ್ಲಿ ಬೇರೂರುವ ಕಳೆ ಬಿಸಿಲು ತಲುಪುವ ಆಳದವರೆಗೆ ಮಾತ್ರ ಬೆಳೆಯುತ್ತದೆ. ಬಗ್ಗಡ ನೀರಿನಲ್ಲಿ ಅದು ಒಂದು ಮೀಟರ್ ಇರಬಹುದು, ತಿಳಿನೀರಿನಲ್ಲಿ ಮೂರು ನಾಲ್ಕು ಮೀಟರ್. ಹಾಗಾಗಿ ಹೊರ ಅಂಚು ಸುಮ್ನೆ ಒಂದು ಅಂಚಲ್ಲ. ಕೊಳದ ತಳ ಎಲ್ಲಿ ಇಳಿಯುತ್ತದೆ ಎಂದು ತೋರಿಸುವ ನಕ್ಷೆ. ಅಂಚು ನೇರವಾಗಿ ಸಾಗಿ ಒಂದು ಕಡೆ ಫಕ್ಕನೆ ಒಳಕ್ಕೆ ತಿರುಗಿದರೆ ಅಲ್ಲಿ ಆಳ ದಡದ ಹತ್ತಿರ ಬಂದಿದೆ ಎಂದರ್ಥ. ಮೂಗಿನಂತೆ ಹೊರಗೆ ಚಾಚಿದ್ದರೆ ಕೆಳಗೆ ದಿಬ್ಬವಿದೆ. ಈ ತಿರುವುಗಳಲ್ಲಿ ಒಂದೊಂದು ಬಾಸ್ ಇರುವ ಸಾಧ್ಯತೆ ನೇರ ಗೆರೆಗಿಂತ ಜಾಸ್ತಿ.

ಜನ ಮರೆಯುವುದು ಒಳ ಅಂಚನ್ನು. ಎಷ್ಟೋ ಕೊಳಗಳಲ್ಲಿ ದಡಕ್ಕೂ ಕಳೆಗೂ ನಡುವೆ ಒಂದು ಮೊಳ, ಎರಡು ಮೊಳ ಅಗಲದ ಬರಿ ನೀರಿನ ಪಟ್ಟಿ ಇರುತ್ತದೆ. ಅಲೆ ಬಡಿದೋ, ನೀರು ಏರಿಳಿದೋ, ತಳ ಗಟ್ಟಿಯಾಗಿದ್ದೋ ಅಲ್ಲಿ ಕಳೆ ಹಿಡಿದಿರುವುದಿಲ್ಲ. ಕಪ್ಪೆ ಹಾರಿ ಬೀಳುವುದು ಅಲ್ಲಿ, ಮರಿಮೀನು ಬಿಸಿಲು ಕಾಯುವುದು ಅಲ್ಲಿ. ಬಾಸ್ ಕಳೆಯೊಳಗಿಂದ ದಡದ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ನಾವೋ ದಡದ ತುದಿಗೇ ಹೋಗಿ ನಿಂತು ದೂರಕ್ಕೆ ಬೀಸುತ್ತೇವೆ. ಮೀನು ನಮ್ಮ ಕಾಲ ಬುಡದಲ್ಲೇ ಇತ್ತು ಅಂತ ತಿಳಿಯುವುದು ಅದು ಬಾಲ ಬಡಿದು ಓಡಿದಾಗ.

ಇನ್ನು ಕಳೆಯ ನಡುವಿನ ತೂತುಗಳು. ಹಸಿರಿನ ಮಧ್ಯೆ ತಟ್ಟೆಯಷ್ಟೋ ಚಾಪೆಯಷ್ಟೋ ನೀರು ಕಾಣುತ್ತದೆ. ಅಲ್ಲಿ ತಳದಲ್ಲಿ ಕಲ್ಲು, ಜಲ್ಲಿ, ಮುಳುಗಿದ ಮರ ಏನೋ ಇರಬಹುದು. ಒಂದು ಜಾತಿಯ ಕಳೆ ಮುಗಿದು ಇನ್ನೊಂದು ಶುರುವಾಗುವ ಗೆರೆಯೂ ಹೊಸಿಲೇ. ಜೊಂಡು ಗಟ್ಟಿ ನೆಲ ಸಿಕ್ಕಿದಲ್ಲೂ ನಿಲ್ಲುತ್ತದೆ, ನೈದಿಲೆಗೆ ಕೆಸರು ಇಷ್ಟ. ಇವೆರಡೂ ಕೂಡುವ ಕಡೆ ತಳವೂ ಬದಲಾಗಿರುತ್ತದೆ. ಸಣ್ಣ ಕೊಳದಲ್ಲಿ ಇಂಥ ಜಾಗ ಹತ್ತೋ ಹದಿನೈದೋ ಇರಬಹುದು, ಅಷ್ಟೇ. ಒಂದು ಸುತ್ತು ನಡೆದು ಎಣಿಸಿಬಿಡಬಹುದು. ದೊಡ್ಡ ಕೆರೆಯಲ್ಲಿ ದೋಣಿ, ಯಂತ್ರ ಇಟ್ಟುಕೊಂಡು ದಿನವಿಡೀ ಹುಡುಕುವವರಿಗೆ ಇಲ್ಲದ ಸೌಲಭ್ಯ ಇದು.

ಚಪ್ಪರದ ಕೆಳಗೆ

ಕಳೆ ನೀರಿನ ಮೇಲ್ಮೈ ಮುಟ್ಟಿ ಹರಡಿಕೊಂಡಾಗ ಕಥೆ ಬದಲಾಗುತ್ತದೆ. ಮೇಲೆ ನೋಡಿದರೆ ಕಾಲಿಡಲೂ ಜಾಗವಿಲ್ಲ ಅನ್ನಿಸುವ ದಟ್ಟಣೆ. ಕೆಳಗೆ ಎಷ್ಟೋ ಕಡೆ ಹಾಗಿರುವುದಿಲ್ಲ. ಮೇಲಿನ ಎಲೆಗಳು ಬಿಸಿಲನ್ನೆಲ್ಲ ತಿಂದುಬಿಡುವುದರಿಂದ ಕೆಳಗಿನ ಎಲೆಗಳು ಉದುರುತ್ತವೆ. ಉಳಿಯುವುದು ಬರಿ ಕಾಂಡ. ಮೇಲೆ ಚಪ್ಪರ, ಕೆಳಗೆ ಅಲ್ಲೊಂದು ಇಲ್ಲೊಂದು ಕಂಬ, ನಡುವೆ ನೆರಳಿನ ಹಜಾರ. ನೈದಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಎಲೆ ಎಲೆ ತಾಗಿಕೊಂಡಿದ್ದರೂ ಪ್ರತಿ ಎಲೆಗೆ ತಳದಿಂದ ಬರುವುದು ಒಂದೇ ತೊಟ್ಟು. ಸಾಸಿವೆ ಕಾಳಿನಷ್ಟು ಪುಟ್ಟದಾಗಿ ತೇಲುವ ಡಕ್‌ವೀಡ್ ಇನ್ನೂ ವಿಚಿತ್ರ. ಅದರ ಬೇರು ಬೆರಳಷ್ಟೂ ಇಳಿಯುವುದಿಲ್ಲ. ಕೆಳಗೆ ಒಂದು ಕಂಬವೂ ಇಲ್ಲ, ಪೂರ್ತಿ ಖಾಲಿ. ಅಂದರೆ ನೋಡಲು ಅತಿ ಭಯಂಕರವಾದ ಹಸಿರು ಕೆಲವೊಮ್ಮೆ ಮೀನಿಗೆ ಅತಿ ಸಲೀಸಾದ ಜಾಗ.

ಚಪ್ಪರದ ಕೆಳಗೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಕಿವಿ ಬೇಕು. ಐದು ನಿಮಿಷ ಮಾತಿಲ್ಲದೆ ನಿಲ್ಲಿ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟ್, ಚಟ್ ಎಂಬ ಸಣ್ಣ ಸದ್ದು ಕೇಳಿದರೆ ಅದು ಬ್ಲೂಗಿಲ್. ಪಾಚಿಯ ಅಡಿಗೆ ಅಂಟಿದ ಹುಳಗಳನ್ನು ಹೀರಿ ತಿನ್ನುತ್ತಿದೆ. ಬ್ಲೂಗಿಲ್ ಇದ್ದಲ್ಲಿ ಬಾಸ್ ದೂರವಿರುವುದಿಲ್ಲ. ಗಾಳಿ ಇಲ್ಲದೆ ಒಂದೇ ಒಂದು ಜೊಂಡು ಅಲುಗಿದರೂ ಗಮನ ಕೊಡಿ. ಯಾವುದೋ ಮೈ ಅದನ್ನು ಸವರಿ ಹೋಯಿತು. ಸದ್ದೂ ಇಲ್ಲ, ಅಲುಗಾಟವೂ ಇಲ್ಲ, ಪಾಚಿ ಕಂದಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ ಎಂದಾದರೆ ಅಲ್ಲಿ ಹೊತ್ತು ಕಳೆಯಬೇಡಿ.

ಯಾವ ಹೊತ್ತು?

ಈ ವಾಸನೆಗೂ ಹೊತ್ತಿಗೂ ಸಂಬಂಧ ಇದೆ. ಕಳೆ ಹಗಲಲ್ಲಿ ಬಿಸಿಲು ಹಿಡಿದು ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ನಮ್ಮಂತೆಯೇ ಉಸಿರಾಡುತ್ತದೆ, ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು, ಹುಳ, ತಳದ ಕೆಸರಿನ ಸೂಕ್ಷ್ಮಜೀವಿ, ಎಲ್ಲವೂ ಅದೇ ದಾಸ್ತಾನಿನಿಂದ ತೆಗೆಯುತ್ತವೆ. ಹಾಗಾಗಿ ಕಳೆ ತುಂಬಿದ ಕೊಳದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಬಾಸ್ ನೆಮ್ಮದಿಯಾಗಿರುತ್ತದೆ. 2ಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ. ಮೋಡ ಕವಿದ, ಗಾಳಿ ಇಲ್ಲದ, ಸೆಖೆಯ ದಿನಗಳು ಒಂದರ ಹಿಂದೆ ಒಂದು ಬಂದರೆ ಇಡೀ ಕೊಳದ ಮೀನು ಒಂದೇ ರಾತ್ರಿಯಲ್ಲಿ ಸಾಯುವುದೂ ಉಂಟು.

ಗಾಳ ಹಾಕುವವರಿಗೆ ಇದರಿಂದ ಸಿಗುವ ಲೆಕ್ಕ ಹೀಗೆ. ಬೆಳ್ಳಂಬೆಳಿಗ್ಗೆ ದಟ್ಟ ಕಳೆಯ ಹೊಟ್ಟೆಯೊಳಗೆ ಗಾಳ ಬಿಡುವುದು ವ್ಯರ್ಥ. ಆಗ ಬಾಸ್ ಹೊರ ಅಂಚಿನಲ್ಲೋ, ತೊರೆ ಬಂದು ಸೇರುವ ಬಾಯಲ್ಲೋ, ರಾತ್ರಿ ಗಾಳಿ ಬಡಿದ ದಡದಲ್ಲೋ ಇರುತ್ತದೆ. ಮಂದ ಬೆಳಕು ಅದಕ್ಕೆ ಅನುಕೂಲ, ಬೇಟೆಗೆ ಇದು ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಚಪ್ಪರದ ಕೆಳಗೆ ಹೋಗುತ್ತದೆ. ಎಲ್ಲರೂ ಗಾಳ ಮಡಚಿ ಮನೆಗೆ ಹೋಗುವ ನಡು ಮಧ್ಯಾಹ್ನವೇ ಚಪ್ಪರದ ಮೀನಿಗೆ ಒಳ್ಳೆಯ ಹೊತ್ತು. ಬಿಸಿಲು ಚುರುಕಾದಷ್ಟೂ ನೆರಳಿನ ಗೆರೆ ಸ್ಪಷ್ಟ, ಮೀನು ನಿಲ್ಲುವ ಜಾಗವೂ ಸ್ಪಷ್ಟ. ನನ್ನ ಮಟ್ಟಿಗೆ, ಕಳೆಯ ಕೊಳಕ್ಕೆ ಹನ್ನೊಂದು ಗಂಟೆಗೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಒಂದು ಎಚ್ಚರಿಕೆ: ದಡದಿಂದ ದಡಕ್ಕೆ ಡಕ್‌ವೀಡ್ ಮುಚ್ಚಿದ ಕೊಳಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅದು ಬೆಳಕನ್ನೂ ಗಾಳಿಯನ್ನೂ ತಡೆಯುವುದರಿಂದ ಕೆಳಗೆ ಹಗಲಲ್ಲೂ ಉಸಿರು ಕಟ್ಟಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆ ದಿನ ಅವನ್ನು ಅವುಗಳ ಪಾಡಿಗೆ ಬಿಡಿ.

ಕಾಲದ ಲೆಕ್ಕ ಚಿಕ್ಕದು. ವಸಂತದಲ್ಲಿ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಗಂಡು ಬಾಸ್ ದಡದ ಹತ್ತಿರ ಗೂಡು ತೋಡಿ ಮೊಟ್ಟೆ ಕಾಯುತ್ತದೆ. ಆಗ ಕಳೆ ಇನ್ನೂ ಚಿಕ್ಕದು, ಮೀನು ಹಿಡಿಯುವುದು ತೀರಾ ಸುಲಭ. ಆದರೆ ಗೂಡಿನ ಗಂಡನ್ನು ಎಬ್ಬಿಸಿದರೆ ಬ್ಲೂಗಿಲ್ ಹಿಂಡು ನಿಮಿಷಗಳಲ್ಲಿ ಮೊಟ್ಟೆ ಖಾಲಿ ಮಾಡುತ್ತದೆ. ಸಣ್ಣ ಕೊಳದಲ್ಲಿ ಹಾಗೆ ಮಾಡದಿರುವುದು ವಾಸಿ. ಚಳಿ ಬಂದು ಕಳೆ ಸಾಯತೊಡಗಿದಾಗ ಇನ್ನೂ ಹಸಿರಾಗಿ ಉಳಿದ ತುಂಡನ್ನು ಹುಡುಕಿ. ಮೀನು ಅಲ್ಲಿ ಗುಂಪುಗೂಡಿರುತ್ತದೆ.

ಕಪ್ಪೆಯೂ ಹುಳವೂ

ಈಗ ಸಾಮಾನಿನ ಮಾತು. ಮೂರು ಮುಳ್ಳಿನ ಕೊಕ್ಕೆ ನೇತುಹಾಕಿದ ಚಂದದ ಹುಸಿ ಮೀನುಗಳನ್ನೆಲ್ಲ ಮನೆಯಲ್ಲೇ ಬಿಡಿ. ಕಳೆಯಲ್ಲಿ ಬೇಕಾದದ್ದು ಸೊಪ್ಪು ಹಿಡಿಯದ, ಮೀನನ್ನು ಮಾತ್ರ ಹಿಡಿಯುವ ಕೊಕ್ಕೆ. ಇದಕ್ಕೆ ಎರಡು ಉಪಾಯಗಳಿವೆ.

ಮೊದಲನೆಯದು ಟೊಳ್ಳು ಮೈಯ ರಬ್ಬರ್ ಕಪ್ಪೆ. ಹೆಬ್ಬೆರಳಿನಷ್ಟು ಉದ್ದ. ಅದರ ಹಿಂದಿನಿಂದ ಎರಡು ಕೊಕ್ಕೆಗಳು ಹೊರಬಂದು, ತುದಿ ಮೇಲಕ್ಕೆ ತಿರುಗಿ, ಬೆನ್ನಿಗೆ ಒತ್ತಿಕೊಂಡಿರುತ್ತವೆ. ಪಾಚಿಯ ಮೇಲೆ, ಎಲೆಯ ಮೇಲೆ ಜಾರಿಕೊಂಡು ಬರುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಬಾಸ್ ಬಾಯಿ ಮುಚ್ಚಿದಾಗ ಟೊಳ್ಳು ಮೈ ಕುಗ್ಗಿ ಕೊಕ್ಕೆ ಹೊರಗೆ ಬರುತ್ತದೆ. ಇದನ್ನು ಒಂದೇ ಸಮ ಎಳೆಯಬೇಡಿ. ಚಪ್ಪರದ ಮೇಲೆ ನಿಧಾನ ತನ್ನಿ, ತೂತು ಬಂದಲ್ಲಿ ನಿಲ್ಲಿಸಿ, ಕೋಲಿನ ತುದಿಯನ್ನು ಸಣ್ಣಗೆ ಅಲುಗಿಸಿ. ಕಪ್ಪೆ ನಿಂತಲ್ಲೇ ತಲೆ ಆಡಿಸುತ್ತದೆ. ಕೆಳಗಿರುವ ಮೀನು ಅಷ್ಟು ಹೊತ್ತೂ ಅದನ್ನು ಹಿಂಬಾಲಿಸಿಕೊಂಡೇ ಬಂದಿರಬಹುದು. ಬಾಸ್‌ನ ಪಕ್ಕದ ಗೆರೆಯುದ್ದಕ್ಕೂ ನೀರಿನ ಕಂಪನ ಹಿಡಿಯುವ ಅಂಗಗಳಿವೆ. ಕಾಣದಿದ್ದರೂ ಮೇಲೆ ಏನೋ ನಡೆಯುತ್ತಿದೆ ಎಂದು ಅದಕ್ಕೆ ಗೊತ್ತಾಗುತ್ತದೆ.

ಎರಡನೆಯದು ಪ್ಲಾಸ್ಟಿಕ್ ಹುಳ. 1949ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಮನೆಯಲ್ಲೇ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಹುಳದಿಂದ ಈ ವಂಶ ಬೆಳೆಯಿತು. ಅದನ್ನು ಕಟ್ಟುವ ‘ಟೆಕ್ಸಸ್ ರಿಗ್’ ಎಂಬ ರೀತಿ ಕಳೆಗೆಂದೇ ಹುಟ್ಟಿದ ಹಾಗಿದೆ. ದಾರಕ್ಕೆ ಬಂದೂಕಿನ ಗುಂಡಿನ ಆಕಾರದ ತೂಕ, ಕೆಳಗೆ ಕೊಕ್ಕೆ. ಕೊಕ್ಕೆಯ ತುದಿಯನ್ನು ಹುಳದ ತಲೆಯಿಂದ ಹೊರತೆಗೆದು, ತಿರುಗಿಸಿ, ಮತ್ತೆ ಹುಳದ ಮೈಯೊಳಗೇ ಹುದುಗಿಸುತ್ತಾರೆ. ತುದಿ ಹೊರಗೆ ಕಾಣದಿದ್ದ ಮೇಲೆ ಸೊಪ್ಪು ಸಿಕ್ಕುವುದೆಲ್ಲಿ? ಮೀನು ಕಚ್ಚಿ ನೀವು ಜಗ್ಗಿದಾಗ ಮಾತ್ರ ಅದು ಪ್ಲಾಸ್ಟಿಕ್ ಸೀಳಿಕೊಂಡು ಹೊರಬರುತ್ತದೆ. ತೂತಿನಲ್ಲಿ ಬಿಡಲು ಐದಾರು ಗ್ರಾಂ ತೂಕ ಸಾಕು. ಅಂಚಿನುದ್ದಕ್ಕೂ ತೂಕವೇ ಇಲ್ಲದೆ ಬಿಟ್ಟರೆ ಹುಳ ಎಲೆ ಉದುರಿದ ಹಾಗೆ ತೇಲಿ ಇಳಿಯುತ್ತದೆ. ಗಟ್ಟಿ ಚಪ್ಪರ ತೂರಿ ಕೆಳಗೆ ಹೋಗಬೇಕಾದರೆ 28ರಿಂದ 42 ಗ್ರಾಂವರೆಗಿನ ತೂಕ ಬೇಕು. ಇಲ್ಲಿ ಟಂಗ್‌ಸ್ಟನ್ ಒಳ್ಳೆಯದು. ಸೀಸಕ್ಕಿಂತ ಎಷ್ಟೋ ಸಾಂದ್ರವಾದ್ದರಿಂದ ಅದೇ ಭಾರಕ್ಕೆ ಗಾತ್ರ ಸಣ್ಣದು, ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ಚಪ್ಪರ ತೂರಿದ ಹುಳವನ್ನು ತಳ ಮುಟ್ಟಿಸಿ, ಎರಡು ಸಲ ಎತ್ತಿ ಇಳಿಸಿ, ಕಚ್ಚದಿದ್ದರೆ ತೆಗೆದು ಒಂದು ಮಾರು ಆಚೆ ಬಿಡಿ. ಅಲ್ಲಿ ಮೀನಿದ್ದರೆ ಬಹುತೇಕ ಮೊದಲ ಬೀಳಿನಲ್ಲೇ ಕಚ್ಚುತ್ತದೆ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್‌ಗೆ ಬಣ್ಣ ಗುರುತಿಸುವ ತರಬೇತಿ ಕೊಟ್ಟು ನೋಡಿದ್ದಾರೆ. ಅದಕ್ಕೆ ಕೆಂಪು ಮತ್ತು ಹಸಿರು ಚೆನ್ನಾಗಿ ಗೊತ್ತಾಗುತ್ತದೆ. ಕಪ್ಪಿಗೂ ಕಡು ನೀಲಿಗೂ, ಬಿಳಿಗೂ ಮಿಂಚುಹಳದಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಪೆಟ್ಟಿಗೆಯಲ್ಲಿ ನೀಲಿಯೊಂದು, ಕಪ್ಪೊಂದು ಇಟ್ಟುಕೊಂಡವರು ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಕಪ್ಪೆಯನ್ನಂತೂ ಮೀನು ಕೆಳಗಿನಿಂದ ನೋಡುತ್ತದೆ, ಆಕಾಶದ ಎದುರು ಕಾಣುವುದು ಬರಿ ನೆರಳು. ನಾನು ಕಪ್ಪನ್ನೇ ಇಟ್ಟುಕೊಳ್ಳುತ್ತೇನೆ.

ದಾರದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಾಧಾರಣ ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಮೀನು ಕಳೆಗೆ ಸುತ್ತಿಕೊಳ್ಳುವಾಗ ಆ ಹಿಗ್ಗೇ ಮುಳುವಾಗುತ್ತದೆ. ಹೆಣೆದ ದಾರ ಬಹುಮಟ್ಟಿಗೆ ಹಿಗ್ಗುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಬಿಗಿಯಾಗಿ ಎಳೆದಾಗ ಕಾಂಡಗಳನ್ನು ಗರಗಸದ ಹಾಗೆ ಕೊಯ್ಯುತ್ತದೆ. 50ರಿಂದ 65 ಪೌಂಡ್ ತಡೆಯುವ ದಾರ ಅಂದರೆ ಒಂದು ಕಿಲೋ ಮೀನಿಗೆ ಇದೇನು ಹಗ್ಗ ಅನ್ನಿಸಬಹುದು. ನೀವು ಎತ್ತುವುದು ಬರಿ ಒಂದು ಕಿಲೋ ಮೀನಲ್ಲ, ಅದರ ತಲೆಗೆ ಸುತ್ತಿಕೊಂಡ ನಾಲ್ಕು ಕಿಲೋ ಸೊಪ್ಪನ್ನೂ. ಕೋಲು ಏಳಡಿ ಇರಲಿ, ಗಡುಸಾಗಿರಲಿ.

ಕಚ್ಚಿದ ಮೇಲಿನ ಒಂದು ಕ್ಷಣ

ಕಪ್ಪೆಯ ಮೇಲೆ ಬಾಸ್ ಎರಗುವ ಸದ್ದು ಬಾವಿಗೆ ಕಲ್ಲು ಹಾಕಿದ ಹಾಗೆ ಇರುತ್ತದೆ. ಹಸಿರು ಸ್ಫೋಟಿಸುತ್ತದೆ, ನಿಮ್ಮ ಕೈ ತಾನಾಗಿಯೇ ಹಿಂದಕ್ಕೆ ಜಗ್ಗುತ್ತದೆ. ಕಪ್ಪೆ ಹಾರಿಬಂದು ಮುಖಕ್ಕೆ ಬಡಿಯುತ್ತದೆ, ಮೀನು ಇಲ್ಲ. ಈ ಅವಮಾನ ಆಗದವರು ಯಾರೂ ಇಲ್ಲ. ಆಗ ಹೇಳಿದ ಹೀರುವ ಪದ್ಧತಿ ಇಲ್ಲಿ ನೆನಪಾಗಬೇಕು. ಚಪ್ಪರದ ಮೇಲಿನದನ್ನು ಹೀರುವಾಗ ಪಾಚಿಯೂ ಎಲೆಯೂ ಕಪ್ಪೆಯ ಜೊತೆ ಬಾಯಿಗೆ ಬರುತ್ತವೆ. ಕೆಲವೊಮ್ಮೆ ಗುರಿ ತಪ್ಪಿ ಕಪ್ಪೆ ಪಕ್ಕದಲ್ಲೇ ಉಳಿದಿರುತ್ತದೆ. ಸದ್ದಿಗೆ ಜಗ್ಗಬೇಡಿ, ಭಾರಕ್ಕೆ ಜಗ್ಗಿ. ಕೋಲನ್ನು ತಗ್ಗಿಸಿ, ಸಡಿಲವಾದ ದಾರ ಸುತ್ತಿ, ಮೀನಿನ ತೂಕ ಕೈಗೆ ಬಂತು ಅನ್ನಿಸಿದ ಮೇಲೆ ಎರಡೂ ಕೈಯಲ್ಲಿ ಮೇಲಕ್ಕೆ ಎಳೆಯಿರಿ. ಒಂದು ಸೆಕೆಂಡು ಹಿಡಿಯಬಹುದು. ಆ ಒಂದು ಸೆಕೆಂಡು ಎಷ್ಟು ಉದ್ದ ಅನ್ನುವುದು ನಿಂತವರಿಗೇ ಗೊತ್ತು. ತಪ್ಪಿಹೋದರೆ ಕಪ್ಪೆಯನ್ನು ಅಲ್ಲೇ ಬಿಡಿ. ಅಥವಾ ಬಾಸ್ ಹಸಿರಿನಲ್ಲಿ ಮಾಡಿಟ್ಟ ತೂತಿಗೆ ಕೂಡಲೇ ಒಂದು ಹುಳ ಹಾಕಿ. ಎಷ್ಟೋ ಸಲ ಅದು ಕೆಳಗೇ ಕಾಯುತ್ತಿರುತ್ತದೆ.

ಕೊಕ್ಕೆ ನೆಟ್ಟ ಮೇಲೆ ಮೀನಿನ ತಲೆಯನ್ನು ಮೇಲಕ್ಕೆ ತಿರುಗಿಸಿದಿರೋ ಅರ್ಧ ಗೆದ್ದಿರಿ. ತಲೆ ಕೆಳಗೆ ಹೋದರೆ ಅದು ಕಾಂಡಗಳಿಗೆ ದಾರ ಸುತ್ತಿಬಿಡುತ್ತದೆ. ಸುತ್ತಿದರೂ ಗಾಬರಿಯಾಗಬೇಡಿ. ಕುಲುಕಾಡಿಸಿದರೆ ಕೊಕ್ಕೆ ಸಡಿಲಾಗುತ್ತದೆ. ದಾರವನ್ನು ಬಿಗಿಯಾಗಿ ಹಿಡಿದು, ಸಮನಾದ ಒತ್ತಡದಲ್ಲಿ ಕಾಯಿರಿ. ಬಾಸ್ ಒದ್ದಾಡಿದಂತೆ ದಾರವೇ ಕಾಂಡ ಕೊಯ್ಯುತ್ತದೆ. ಕಣ್ಣಿಗೆ ಸೊಪ್ಪು ಮುಚ್ಚಿಕೊಂಡ ಮೀನು ಬೇಗ ಸುಮ್ಮನಾಗುವುದೂ ಉಂಟು. ಹಾಗೆಂದು ಅದನ್ನು ತರಲು ನೀವೇ ನೀರಿಗೆ ಇಳಿಯಬೇಡಿ. ಕಾಲು ಹೂಳುವ ಕೆಸರು, ಮೇಲೆ ಕಳೆ, ಈಜು ಬಂದವರಿಗೂ ಅಪಾಯ.

ಸಣ್ಣ ಕೊಳದ ಮೀನು ಕಲಿಯುತ್ತದೆ

ದೊಡ್ಡ ನೀರಿಗಿಂತ ಸಣ್ಣ ಕೊಳದಲ್ಲಿ ಮರ್ಯಾದೆಯಿಂದ ನಡೆಯಬೇಕು. ಕಾಲಿನ ಸಪ್ಪಳ ನೆಲದಿಂದ ನೀರಿಗೆ ಇಳಿಯುತ್ತದೆ, ಉದ್ದ ನೆರಳು ಮೀನನ್ನು ಓಡಿಸುತ್ತದೆ. ಮೊದಲ ಬೀಸು ದಡದಿಂದ ಎರಡು ಮೂರು ಮೀಟರ್ ಹಿಂದೆಯೇ ನಿಂತು ಹಾಕಿ, ಒಳ ಅಂಚಿಗೆ. ಆಮೇಲೆ ದಡಕ್ಕೆ ಸಮವಾಗಿ ಬೀಸಿ. ಅಡ್ಡಲಾಗಿ ಬೀಸಿದರೆ ಹುಸಿ ಎರೆ ಹೊಸಿಲಲ್ಲಿ ಇರುವುದು ಒಂದು ಕ್ಷಣ, ಸಮವಾಗಿ ಬೀಸಿದರೆ ಉದ್ದಕ್ಕೂ ಹೊಸಿಲಲ್ಲೇ ಬರುತ್ತದೆ.

ಒಂದೇ ಕಪ್ಪೆಯನ್ನು ವಾರವಿಡೀ ತೋರಿಸಿದರೆ ಬಾಸ್ ತಿರಸ್ಕರಿಸಲು ಕಲಿಯುತ್ತದೆ. ಕೆಲವು ಹುಟ್ಟಿನಿಂದಲೇ ಹುಷಾರು. ಇಲಿನಾಯ್‌ನ ರಿಜ್ ಸರೋವರದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಅಧ್ಯಯನವೊಂದು ಇದನ್ನು ತೋರಿಸಿದೆ. ಮತ್ತೆ ಮತ್ತೆ ಗಾಳಕ್ಕೆ ಬಿದ್ದ ಬಾಸ್‌ಗಳನ್ನು ಒಂದು ಕಡೆ, ಬೀಳದವನ್ನು ಇನ್ನೊಂದು ಕಡೆ ಸಾಕಿ ಮರಿ ಮಾಡಿಸಿದರು. ತಲೆಮಾರು ಕಳೆದಂತೆ ಎರಡು ವಂಶಗಳ ನಡುವಿನ ಅಂತರ ಬೆಳೆಯಿತು. ಅಂದರೆ ಸುಲಭಕ್ಕೆ ಸಿಗುವ ಮೀನುಗಳನ್ನೆಲ್ಲ ಮನೆಗೆ ಒಯ್ದರೆ ಕೊಳದಲ್ಲಿ ಉಳಿಯುವುದು ಜಾಣರು ಮಾತ್ರ. ದೊಡ್ಡದನ್ನು ಬಿಟ್ಟುಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಭಾರದ ಮೀನನ್ನು ದವಡೆ ಹಿಡಿದು ಅಡ್ಡಕ್ಕೆ ನೇತಾಡಿಸಬೇಡಿ, ಹೊಟ್ಟೆಗೆ ಇನ್ನೊಂದು ಕೈ ಕೊಡಿ. ಸೆಖೆಯ ದಿನ ಫೋಟೊಕ್ಕೆ ಅಂತ ನಿಮಿಷಗಟ್ಟಲೆ ಹೊರಗಿಟ್ಟ ಮೀನು ಈಜಿ ಹೋದರೂ ಉಳಿಯುವ ಭರವಸೆ ಇಲ್ಲ.

ಕೊಳ ನಿಮ್ಮದೇ ಆಗಿದ್ದು, ಕಳೆ ಕಡಿಮೆ ಮಾಡಬೇಕು ಅಂತಿದ್ದರೆ ಪೂರ್ತಿ ಬೋಳಿಸಬೇಡಿ. ಕಾಲು ಭಾಗದಷ್ಟು ಹಸಿರು ಉಳಿಯಲಿ. ಕುಂಟೆಯಂಥದ್ದರಿಂದ ದಡದಿಂದ ಆಳಕ್ಕೆ ಎರಡು ಮೂರು ಓಣಿ ಎಳೆಯಿರಿ. ಪ್ರತಿ ಓಣಿಗೂ ಎರಡು ಅಂಚು, ಅಷ್ಟೂ ಹೊಸ ಹೊಸಿಲು. ಎಳೆದ ಕಳೆಯನ್ನು ನೀರಲ್ಲೇ ಬಿಡದೆ ದಡಕ್ಕೆ ಹಾಕಿ, ಕೊಳೆತರೆ ಅದೇ ಆಮ್ಲಜನಕ ತಿನ್ನುತ್ತದೆ. ಹೊರಡುವ ಮುನ್ನ ಕೋಲು, ರೀಲು, ಬೂಟಿನ ಅಡಿ ನೋಡಿಕೊಳ್ಳಿ. ಹೈಡ್ರಿಲ್ಲಾ ಅಕ್ವೇರಿಯಂ ಗಿಡವಾಗಿ 1950ರ ದಶಕದಲ್ಲಿ ಫ್ಲಾರಿಡಾಕ್ಕೆ ಹೋಗಿ ಅಲ್ಲಿಂದ ಕಾಲುವೆ, ಕೆರೆಗಳಿಗೆಲ್ಲ ಹರಡಿದೆ. ಒಂದು ಗೆಣ್ಣು ಇರುವ ತುಂಡು ಸಾಕು, ಇನ್ನೊಂದು ಕೊಳದಲ್ಲಿ ಬೇರು ಬಿಡುತ್ತದೆ. ಮೀನಿನದ್ದೂ ಅದೇ ಕಥೆ. ಜಪಾನಿಗೆ 1925ರಲ್ಲಿ ಆಶಿ ಸರೋವರಕ್ಕೆಂದು ಒಯ್ದ ಬಾಸ್ ದೇಶವಿಡೀ ಹರಡಿ ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದಿತು. ಅಲ್ಲೀಗ ಜೀವಂತ ಬಾಸ್ ಸಾಗಿಸುವುದೇ ಕಾನೂನಿಗೆ ವಿರುದ್ಧ. ಹಿಡಿದ ಮೀನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಪಕ್ಕದ ಕೊಳಕ್ಕೆ ಬಿಡುವ ಉತ್ಸಾಹ ಬಂದರೆ, ಬಕೆಟ್ ಖಾಲಿ ಮಾಡಿ ಅದೇ ನೀರಿಗೆ ಸುರಿದು ಮನೆಗೆ ನಡೆಯಿರಿ.